ಎರಡನೆಯ ಶಿಕ್ಷಕ

ಸುಮನ್ ಎಂ.ಇಡಿ. ಓದಬೇಕೆಂದು ಮೊದಲು ಹೇಳಿದವನು ಅವಳ ಗಂಡ ಶಿವಪುತ್ರನೇ. ಇದನ್ನು ಅವನು ಆಮೇಲೆ ಬಹಳ ಜನರ ಮುಂದೆ ಹೇಳಿಕೊಂಡ. ಮಗಳು ಶೀತಲ್ ಎರಡನೇ ತರಗತಿಗೆ ಬಂದಿದ್ದಳು. ಅವನ ತಾಯಿ ಉದ್ದವ್ವ ಇನ್ನೂ ಗಟ್ಟಿಯಾಗಿದ್ದು ಮನೆಯನ್ನು ಒಬ್ಬಳೇ ಸಂಭಾಳಿಸಬಲ್ಲವಳಾಗಿದ್ದಳು. ಮದುವೆಗೆ ಮೊದಲೇ ಬಿ.ಇಡಿ. ಮುಗಿಸಿದ್ದ ಸುಮನ್, ಅವನ ಮಾತಿನಲ್ಲಿ ಹೇಳುವುದಾದರೆ, ಮನೆಯಲ್ಲಿ ಖಾಲಿ ಕೂತಿದ್ದಳು. ಇನ್ನೆರಡು ವರ್ಷ ಓದಿದರೆ ಗೋಕಾಕದ ಯಾವುದಾದರೂ ಬಿ.ಇಡಿ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗಬಹುದು. ಹೀಗೆ ಯೋಚಿಸಿ ಬೆಳಗಾವಿಗೆ ತಾನೇ ಕರೆದುಕೊಂಡು ಹೋಗಿ, ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ ಅವಳ ಹೆಸರು ಹಚ್ಚಿಸಿ ಬಂದ.

ಅವನಿಗೂ ಒಂದು ಕಾಲಕ್ಕೆ ಆ ಓದಿನ ಆಸೆ ಇತ್ತು. ಅಪ್ಪ ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ದುಡಿದವನು. ಮಗ ಮಾಸ್ತರನಾಗಲಿ ಎಂದು ಡಿ.ಇಡಿ.ಗೆ ಕಳಿಸಿದ್ದ. ಮಗನಿಗೆ ನೌಕರಿ ಸಿಕ್ಕ ವರ್ಷವೇ ಅಪ್ಪ ತೀರಿಕೊಂಡ. ಮನೆ ನೋಡಬೇಕಾಯಿತು, ಓದು ಅಲ್ಲಿಗೇ ನಿಂತಿತು. ಮೂಡಲಗಿ ತಾಲ್ಲೂಕಿನ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಶಿವಪುತ್ರ ಕನ್ನಡ ಕಲಿಸುತ್ತ ಹದಿನೇಳು ವರ್ಷ ಕಳೆದಿದ್ದ. ತಾಲ್ಲೂಕಿನ ಉತ್ತಮ ಶಿಕ್ಷಕ ಎಂಬ ಶಾಲು, ಫಲಕ ಸಿಕ್ಕಿದ್ದವು. ಅವನ ತರಗತಿಯ ಮಕ್ಕಳು ಎದ್ದು ನಿಂತರೆ ರೇಡಿಯೋದವರ ಹಾಗೆ ಸ್ವಚ್ಛ ಕನ್ನಡ ಮಾತಾಡುತ್ತಾರೆ ಎಂದು ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಆ ಹೆಸರು ಅವನಿಗೆ ಶಾಲಿಗಿಂತ ದೊಡ್ಡದಾಗಿತ್ತು.

ಎಂ.ಇಡಿ. ಅಂದರೆ ಡಿ.ಇಡಿ.ಯದೇ ದೊಡ್ಡಣ್ಣ ಎಂದು ಅವನು ತಿಳಿದಿದ್ದ. ಪಾಠಯೋಜನೆ, ಚಾರ್ಟು, ಕರಿಹಲಗೆಯ ಮೇಲೆ ದುಂಡಗಿನ ಅಕ್ಷರ. ಇದರಲ್ಲಿ ಹೆಂಡತಿಗೆ ತಾನು ಬೇಕಾದಷ್ಟು ಹೇಳಿಕೊಡಬಹುದು ಎಂದುಕೊಂಡಿದ್ದ. ಆದರೆ ಸುಮನ್ ಸಂಜೆ ಬಸ್ಸಿಳಿದು ಬರುವಾಗ ತರುತ್ತಿದ್ದದ್ದು ಬೇರೆಯೇ.

"ಇವತ್ತ ಕಸ್ತೂರಿ ಮೇಡಮ್ ಒಂದ ಮಾತ ಕೇಳಿದ್ರು," ಎಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು. ಕಸ್ತೂರಿ ಮೇಡಮ್ ಅವಳ ಪ್ರಾಧ್ಯಾಪಕಿ. "ಮಗು ಸಾಲಿಗೆ ಬರೂಕಿಂತ ಮೊದಲ ಏನೇನ ಕಲತಿರತೈತಿ ಅಂತ. ಒಂದ ತಾಸ ಪೂರಾ ಅದ ಮಾತು."

"ಅದಕ್ಕ ಒಂದ ತಾಸ ಏನ ಬೇಕ?"

"ಸಾಲಲಿಲ್ರಿ. ನಾಳೆನೂ ಅದ ಐತಿ."

ಉದ್ದವ್ವ ಕೆನ್ನೆಗೆ ಕೈ ಹಚ್ಚಿ ಕೇಳುತ್ತಿದ್ದಳು. ಸೊಸೆ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ, ನಡುನಡುವೆ "ಹೌದಲ್ಲ" ಅನ್ನುತ್ತಿದ್ದಳು. ಮಗ ಶಾಲೆಯ ಸುದ್ದಿ ಹೇಳಿದಾಗ ಅವಳು ಎಂದೂ ಹಾಗೆ ಅಂದವಳಲ್ಲ. ಶಿವಪುತ್ರನಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯತೊಡಗಿದ್ದು ಈ "ಹೌದಲ್ಲ"ದಿಂದಲೇ. ತಾನು ಹದಿನೇಳು ವರ್ಷ ಬಿಸಿಲಲ್ಲಿ ನಡೆದ ದಾರಿಯನ್ನು ಯಾರೋ ಬಸ್ಸಿನ ಕಿಟಕಿಯಿಂದ ನೋಡಿ ವರ್ಣಿಸುತ್ತಿದ್ದಾರೆ, ಮಂದಿ ಬಾಯಿ ಬಿಟ್ಟು ಕೇಳುತ್ತಿದ್ದಾರೆ. ನಡೆದವನನ್ನು ಯಾರೂ ಕೇಳುವುದಿಲ್ಲ.

ಅವನ ಶಾಲೆಯ ಹೆಡ್‌ಮಾಸ್ತರು ಬಾಳೇಶ ಒಂದು ದಿನ ಅಂದರು: "ಸರ್, ಪಾಲಕರ ಸಭಾಕ್ಕ ನಿಮ್ಮ ಮನಿಯವ್ರನ್ನ ಕರಕೊಂಡ ಬರ್ರಿ. ಯುನಿವರ್ಸಿಟಿಯಾಗ ಓದಾಕತ್ತಾರ, ನಾಕ ಮಾತ ಹೇಳ್ಲಿ."

"ಆಕಿಗೆ ಪರೀಕ್ಷಾ ಅದಾವ್ರಿ," ಎಂದ ಶಿವಪುತ್ರ.

ಪರೀಕ್ಷೆ ಇರಲಿಲ್ಲ. ಮನೆಯಲ್ಲಿ ಅವನು ಈ ಮಾತು ಎತ್ತಲೂ ಇಲ್ಲ. ಸಭೆಯ ದಿನ ತಾನೇ ಎದ್ದು ನಿಂತು, ಮಗು ಶಾಲೆಗೆ ಬರುವ ಮೊದಲೇ ಎಷ್ಟೆಲ್ಲ ಕಲಿತಿರುತ್ತದೆ ಎಂದು ಸುಮನ್ ಹೇಳಿದ್ದನ್ನೇ ತನ್ನ ಸ್ವಚ್ಛ ಕನ್ನಡದಲ್ಲಿ ಹೇಳಿದ. ಚಪ್ಪಾಳೆ ಬಿದ್ದವು. ಬೈಕಿನ ಮೇಲೆ ಗೋಕಾಕಕ್ಕೆ ಮರಳುವಾಗ ಚಪ್ಪಾಳೆಯ ಸುಖ ಅರ್ಧ ದಾರಿಯವರೆಗೂ ಬರಲಿಲ್ಲ.

ಎರಡನೇ ವರ್ಷ ಪ್ರಬಂಧ ಬರೆಯುವ ಕಾಲ ಬಂತು. ಗಡಿಭಾಗದ ಶಾಲೆಗಳಲ್ಲಿ ಮಕ್ಕಳ ಮನೆಮಾತಿಗೂ ಪಾಠದ ಭಾಷೆಗೂ ಏನು ಸಂಬಂಧ ಎಂಬುದು ಸುಮನ್ ಆರಿಸಿಕೊಂಡ ವಿಷಯ. ಯಾವುದಾದರೂ ತರಗತಿಯಲ್ಲಿ ಕೆಲವು ವಾರ ಕೂತು, ಮಾಸ್ತರು ಏನು ಹೇಳುತ್ತಾರೆ, ಮಕ್ಕಳು ಏನು ಹೇಳುತ್ತಾರೆ ಎಲ್ಲ ನೋಡಬೇಕು, ಕೇಳಬೇಕು. ಶಿವಪುತ್ರನಿಗೆ ಸಂಶಯವೇ ಇರಲಿಲ್ಲ. ಅವಳು ಕೂರುವುದು ತನ್ನ ತರಗತಿಯಲ್ಲೇ. ಹಿಂದಿನ ಗೋಡೆಯ ಹರಿದ ಚಾರ್ಟುಗಳನ್ನು ತೆಗೆದು ಹೊಸವನ್ನು ಅಂಟಿಸಿದ. ಅವಳಿಗೆಂದು ಸ್ಟಾಫ್ ರೂಮಿನಿಂದ ಕೈಯಿರುವ ಒಂದು ಕುರ್ಚಿಯನ್ನೂ ತಂದು ಹಾಕಿದ.

ಒಂದು ರವಿವಾರ ಮೆಂತ್ಯೆ ಸೋಸುತ್ತ ಸುಮನ್ ಹೇಳಿದಳು: "ಕಣಗಲಾದ ಸಾಲಿ ಗಟ್ಟಿ ಆತ್ರಿ. ಮಾಲಿಂಗ ಸರ್ ಹ್ಞೂಂ ಅಂದಾರ. ತವರೂರ ದಡ್ಡಿಯಾಗ ಅವ್ವನ ಕಡೆ ಇದ್ದ, ಅಲ್ಲಿಂದನ ಹೋಗಿ ಬರತೇನಿ."

"ಯಾವ ಮಾಲಿಂಗ?"

"ನಿಮ್ಮ ಜೋಡಿ ಡಿ.ಇಡಿ. ಓದಿದವ್ರು ಅಂತಲ್ರಿ."

ಓದಿದ್ದು ಹೌದು. ಶಿವಪುತ್ರ ಮೇಲಿನ ವರ್ಷದಲ್ಲಿದ್ದಾಗ ಮಾಲಿಂಗ ಕೆಳಗಿನ ವರ್ಷದಲ್ಲಿದ್ದ. ಹುಕ್ಕೇರಿಯ ಕಡೆಯ ಹುಡುಗ. ಮಾತಿಗೊಂದು ಮರಾಠಿ ಶಬ್ದ, ಪಾಠ ಮಾಡಲು ನಿಂತರೆ ಕೈ ನಡುಗುತ್ತಿತ್ತು. ಅವನ ಪಾಠಯೋಜನೆಗಳನ್ನು ತಿದ್ದಿಕೊಟ್ಟವನು ಶಿವಪುತ್ರ. ಮಾಲಿಂಗ ಅವನನ್ನು ಅಣ್ಣಾ ಅಂದು ಹಿಂದೆ ಹಿಂದೆ ತಿರುಗುತ್ತಿದ್ದ.

"ನನ್ನ ಕ್ಲಾಸ್ ಯಾಕ ಬ್ಯಾಡಾತು?"

"ಗಂಡನ ಕ್ಲಾಸ್ ತಗೊಂಡ್ರ ನೋಡೂದ್ರಾಗ ಪಕ್ಷಪಾತ ಬರತೈತ್ರಿ."

"ಮೇಡಮ್ ಹಂಗಂದ್ರ? ನೀ ಕೇಳಿದಿ?"

ಸುಮನ್ ಸೊಪ್ಪಿನಿಂದ ಕೈ ತೆಗೆದಳು. "ಕೇಳಲಿಲ್ರಿ," ಅಂದಳು.

ಮರುದಿನ ಶಿವಪುತ್ರ ಆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿಟ್ಟ.

ಸುಮನ್ ಸೋಮವಾರ ದಡ್ಡಿಗೆ ಹೋದರೆ ಶನಿವಾರ ಸಂಜೆ ಗೋಕಾಕಕ್ಕೆ ಬರುತ್ತಿದ್ದಳು. ಬಂದವಳ ಮುಖ ಬಿಸಿಲಿಗೆ ಕಪ್ಪಾಗಿರುತ್ತಿತ್ತು, ಕಣ್ಣು ಹೊಳೆಯುತ್ತಿದ್ದವು. ಮಾಲಿಂಗ ಸರ್ ಹೀಗೆ ಮಾಡಿದರು, ಮಾಲಿಂಗ ಸರ್ ಹಾಗೆ ಕೇಳಿದರು. ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲೇ ಮೊದಲು ಹೇಳಲಿ ಎಂದು ಬಿಡುತ್ತಾರೆ, ಆಮೇಲೆ ಪುಸ್ತಕದ ಮಾತಿಗೆ ಕರೆದೊಯ್ಯುತ್ತಾರೆ. ಒಂದು ಹುಡುಗಿ ಮೂರು ವಾರ ಬಾಯಿಯನ್ನೇ ಬಿಟ್ಟಿರಲಿಲ್ಲ, ನಿನ್ನೆ ಎದ್ದು ಒಂದು ಕತೆ ಹೇಳಿದಳು. ಶಿವಪುತ್ರ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಡುವೆ ಥಟ್ಟನೆ ಏನಾದರೂ ಕೇಳುತ್ತಿದ್ದ.

"ಊಟ ಎಲ್ಲಿ ಮಾಡ್ತಿ?"

"ಬುತ್ತಿ ಕಟಗೊಂಡ ಹೋಗತೇನಿ."

"ಆಂವ ಎಲ್ಲಿ ಉಣ್ತಾನ?"

"ಮಕ್ಕಳ ಜೋಡಿ. ಯಾಕ್ರಿ?"

ಯಾಕೆಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಹೆಂಡತಿಯ ನಡತೆಯ ಬಗ್ಗೆ ಸಂಶಯವೇ? ಅಲ್ಲ. ಅಂಥ ಸಂಶಯವಿದ್ದಿದ್ದರೆ ಕೂಗಾಡಬಹುದಿತ್ತು, ಅಂಥದ್ದಕ್ಕೆ ಜಗತ್ತಿನಲ್ಲಿ ಮಾತುಗಳಿವೆ. ಅವಳು ದಿನವೂ ಆ ಮಾಲಿಂಗನ ಬಾಯಿ ನೋಡುತ್ತ ಕೂರುತ್ತಾಳೆ, ಅವನು ಕಲಿಸುವುದನ್ನು ಓದಿಗೆ ಯೋಗ್ಯವೆಂದು ತಿಳಿದಿದ್ದಾಳೆ ಎಂಬುದು ಅವನನ್ನು ಕೊರೆಯುತ್ತಿತ್ತು. ತನ್ನ ಶಾಲು, ಫಲಕ ಅದೇ ಮನೆಯ ಕಪಾಟಿನಲ್ಲಿದ್ದವು. ಅವಳೇ ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಿದ್ದಳು.

ಒಂದು ರವಿವಾರ ಅವಳು ತಲೆಸ್ನಾನಕ್ಕೆ ಹೋಗಿದ್ದಾಗ ಫೋನು ಹಾಸಿಗೆಯ ಮೇಲಿತ್ತು. ತರಗತಿಯ ಪಾಠವನ್ನು ಅವಳು ಅದರಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಶಿವಪುತ್ರ ಒಂದನ್ನು ಹಚ್ಚಿ ಕಿವಿಗಿಟ್ಟುಕೊಂಡ. ಮಾಲಿಂಗನ ದನಿ. ವಯಸ್ಸಾಗಿದೆ, ನಡುಕ ಹೋಗಿದೆ.

"ಪುಸ್ತಕದಾಗ ನದಿ ಅಂತ ಬರದಾರ. ನಿಮ್ಮ ಮನ್ಯಾಗ ಏನಂತೀರಿ?"

"ಹೊಳಿ ಅಂತೀವ್ರಿ," ಎಂದು ಹತ್ತಾರು ದನಿಗಳು.

"ಹಂಗಾದ್ರ ಹೊಳಿಗೂ ನದಿಗೂ ಏನ ಫರಕ?"

ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಒಬ್ಬ ಹುಡುಗನ ದನಿ: "ಹೊಳ್ಯಾಗ ಎಮ್ಮಿ ಈಸಾಡತಾವ್ರಿ. ನದಿ ಪುಸ್ತಕದಾಗ ಇರತೈತ್ರಿ."

ಇಡೀ ತರಗತಿ ನಕ್ಕಿತು, ಮಾಲಿಂಗನೂ ನಕ್ಕ. ಆ ನಗೆಗಳ ನಡುವೆ, ಫೋನಿಗೆ ತೀರ ಹತ್ತಿರದಲ್ಲಿ, ಒಬ್ಬ ಹೆಂಗಸು ತಡೆಯಲಾರದೆ ನಗುತ್ತಿದ್ದಳು. ಒಂದು ಕ್ಷಣ ಅದು ಯಾರೆಂದೇ ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಹಿಂದಕ್ಕೆ ಸರಿಸಿ ಮತ್ತೆ ಕೇಳಿದ. ತನ್ನ ಮನೆಯಲ್ಲಿ ಸುಮನ್ ಹೀಗೆ ನಕ್ಕದ್ದು ಯಾವಾಗ? ನೆನಪಾಗಲಿಲ್ಲ. ಬಚ್ಚಲಿನ ಬಾಗಿಲ ಸಪ್ಪಳವಾಯಿತು. ಫೋನನ್ನು ಇದ್ದಲ್ಲೇ ಇಟ್ಟು ಅಂಗಳಕ್ಕೆ ಹೋದ.

ಆ ವಾರ ಹುಕ್ಕೇರಿಯಲ್ಲಿ ಗೆಳೆಯನೊಬ್ಬನ ಮನೆಯ ಮದುವೆ ಇತ್ತು. ಮಾಲಿಂಗನೂ ಬಂದಿದ್ದ. ದೂರದಿಂದಲೇ "ಅಣ್ಣಾ" ಎಂದು ಬಂದು ಕೈ ಹಿಡಿದುಕೊಂಡ. ತಲೆಗೂದಲು ತೆಳುವಾಗಿದ್ದವು. "ಅಕ್ಕಾರ ಬಂದಾಗಿಂದ ನನಗ ನನ್ನ ಕ್ಲಾಸ ಹೊಸಾದ ಕಾಣಾಕತ್ತೈತಿ," ಎಂದು ಸಂತೋಷದಿಂದ ಹೇಳಿದ. "ನಾ ಮಾಡೂದ್ರಾಗ ಇಷ್ಟೆಲ್ಲ ಐತಿ ಅಂತ ನನಗ ಗೊತ್ತಿರ್ಲಿಲ್ಲ ನೋಡ್ರಿ."

ಮಾಲಿಂಗ ಈ ಮಾತು ಆಡದೇ ಇದ್ದಿದ್ದರೆ ಶಿವಪುತ್ರ ಏನೂ ಮಾಡುತ್ತಿರಲಿಲ್ಲವೇನೋ. ಅವನು ಮಾಲಿಂಗನನ್ನು ಪಕ್ಕದ ಚಹಾದ ಅಂಗಡಿಗೆ ಕರೆದುಕೊಂಡು ಹೋದ. ಚಹಾ ಹೇಳಿದ. ದನಿ ತಗ್ಗಿಸಿದ.

"ಮಾಲಿಂಗ, ನಾ ಹೇಳಬಾರದು. ಆದ್ರ ಮಂದಿ ಮಾತಾಡಾಕತ್ತಾರ."

"ಏನಂತ?"

"ನಿನ್ನ ಹೆಸರು, ನಮ್ಮ ಮನಿಯಾಕಿ ಹೆಸರು ಕೂಡಿಸಿ. ನಾ ನಂಬಂಗಿಲ್ಲ ಬಿಡು. ಆದ್ರೂ ನಿನಗ ಹೆಣ್ಣಮಕ್ಕಳು ಅದಾವ, ನನಗೂ ಒಬ್ಬಾಕಿ ಅದಾಳ."

ಯಾರು ಅಂದರು, ಎಲ್ಲಿ ಅಂದರು ಎಂದು ಮಾಲಿಂಗ ಕೇಳಲಿಲ್ಲ. ಎದುರಿಗಿದ್ದ ಚಹಾ ಕುಡಿಯಲೂ ಇಲ್ಲ. "ನೀವ ಹೇಳಿದ್ದ ಚಲೋ ಆತ್ರಿ ಅಣ್ಣಾ," ಎಂದು ಎದ್ದು ಹೋದ. ಅವನು ಅಷ್ಟು ಸಲೀಸಾಗಿ ನಂಬಿದ್ದು ಶಿವಪುತ್ರನಿಗೆ ಕಸಿವಿಸಿ ಮಾಡಿತು. ಆದರೂ ಮದುವೆಯ ಊಟಕ್ಕೆ ಕೂತ. ಊಟ ಚೆನ್ನಾಗಿಯೇ ಸೇರಿತು.

ಎರಡು ದಿನದಲ್ಲಿ ಸುಮನ್ ಗೋಕಾಕಕ್ಕೆ ಬಂದುಬಿಟ್ಟಳು. ಮಾಲಿಂಗ ಸರ್ ಮುಖ ನೋಡದೆ, ಇನ್ನು ಬರುವುದು ಬೇಡ, ಪಾಠ ಹಿಂದೆ ಬೀಳುತ್ತದೆ ಎಂದು ಹೇಳಿದರಂತೆ. ನೋಡಬೇಕಾದದ್ದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ನಾ ಏನ ತಪ್ಪ ಮಾಡಿದ್ನೋ ಏನೋ," ಅಂದಳು. ಉದ್ದವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನನ್ನ ಕ್ಲಾಸ್ ಐತೆಲ್ಲ," ಎಂದ ಶಿವಪುತ್ರ. ದನಿಯಲ್ಲಿ ಎಷ್ಟು ಬೇಕೋ ಅಷ್ಟೇ ಮರುಕ ಇರುವಂತೆ ನೋಡಿಕೊಂಡ.

ಕಸ್ತೂರಿ ಮೇಡಮ್ ಒಪ್ಪಿದರು. ಎರಡು ಬಗೆಯ ತರಗತಿಗಳನ್ನು ಪಕ್ಕಪಕ್ಕ ಇಟ್ಟು ಬರೆಯಬಹುದು, ಆದರೆ ಶಿಕ್ಷಕ ಗಂಡನೆಂಬುದನ್ನು ಮುಚ್ಚಿಡಬಾರದು ಎಂದರಂತೆ.

ಹೀಗೆ ಕೈಯಿರುವ ಕುರ್ಚಿ ಮತ್ತೆ ತರಗತಿಗೆ ಬಂತು. ಸುಮನ್ ಅದರಲ್ಲಿ ಕೂರಲಿಲ್ಲ, ಹಿಂದಿನ ಸಾಲಿನ ಮಕ್ಕಳ ಜೊತೆ ನೆಲದ ಮೇಲೆ ಕೂತಳು. ಶಿವಪುತ್ರ ತನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ದನಿ ಏರಿಸಿದ, ಇಳಿಸಿದ. ಕೇಳಿದ ಪ್ರಶ್ನೆಗೆಲ್ಲ ಮಕ್ಕಳು ಎದ್ದು ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿದರು. ಒಂದೊಂದು ಉತ್ತರವಾದ ಮೇಲೂ ಅವನ ಕಣ್ಣು ಹಿಂದಿನ ಸಾಲಿಗೆ ಹೋಗುತ್ತಿತ್ತು. ಸುಮನ್ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು.

ಮೂರನೆಯ ದಿನ 'ನನ್ನ ಮನೆ' ಎಂಬ ವಿಷಯ. ಅಲ್ಲವ್ವ ಎಂಬ ಹುಡುಗಿ ಕೈ ಎತ್ತಿದಳು. ಎಂದೂ ಎತ್ತದವಳು.

"ಸರ್, ನಮ್ಮವ್ವ ಕಬ್ಬ ಕಡಿಯಾಕ ಹೋಗ್ಯಾಳ್ರಿ..."

"ಹೋಗ್ಯಾಳ ಅಲ್ಲ, ಹೋಗಿದ್ದಾಳೆ," ಎಂದ ಶಿವಪುತ್ರ, ನಗುತ್ತಲೇ. "ನಮ್ಮ ತಾಯಿ ಕಬ್ಬು ಕಡಿಯಲು ಹೋಗಿದ್ದಾಳೆ. ಎಲ್ಲಿ, ಪೂರ್ತಿ ಹೇಳು."

ಹುಡುಗಿ ಪೂರ್ತಿ ಹೇಳಿ ಕೂತಳು. "ಶಾಬ್ಬಾಸ್," ಎಂದ ಅವನು, ಹಿಂದಿನ ಸಾಲಿನ ಕಡೆ ನೋಡಿದ. ಸುಮನ್ ಬರೆಯುವುದನ್ನು ಬಿಟ್ಟಿದ್ದಳು. ಅವಳು ನೋಡುತ್ತಿದ್ದುದು ಅವನನ್ನಲ್ಲ, ಕೂತುಬಿಟ್ಟ ಆ ಹುಡುಗಿಯ ಬೆನ್ನನ್ನು. ಉಳಿದ ಪಾಠದ ತುಂಬ ಅವಳ ಕಣ್ಣು ಅಲ್ಲೇ ಇತ್ತು. ಎರಡು ಜಡೆಯ ಆ ಪೋರಿಯ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಬೈಕಿನ ಮೇಲೆ ಹಿಂದೆ ಕೂತ ಸುಮನ್ ಕೇಳಿದಳು: "ಅಲ್ಲವ್ವ ಏನ ಹೇಳಾಕ ಎದ್ದಿದ್ಲು ಗೊತ್ತೇನ್ರಿ?"

"ಹೇಳಿದ್ಲಲ್ಲ."

"ಇಲ್ರಿ. ಅವ್ವ ಕಬ್ಬ ಕಡಿಯಾಕ ಹೋಗ್ಯಾಳ, ಮನ್ಯಾಗ ಯಾರೂ ಇಲ್ಲ, ತಮ್ಮನ್ನ ನಾಳೆಯಿಂದ ಸಾಲಿಗೆ ಕರಕೊಂಡ ಬರ್ಲ್ಯಾ ಅಂತ ಕೇಳಾಕ ಎದ್ದಿದ್ಲಂತ. ಊಟದ ಹೊತ್ತಿನ್ಯಾಗ ನನಗ ಹೇಳಿದ್ಲು."

"ಕೇಳಬೇಕಿತ್ತು. ನಾ ಏನ ಬ್ಯಾಡ ಅಂತಿದ್ನ?"

ಗಾಡಿ ಗೋಕಾಕದ ಕಡೆ ತಿರುಗಿತು.

ಮುಚ್ಚಿಟ್ಟದ್ದು ಬಯಲಾದದ್ದು ಯುಗಾದಿಯ ರಜೆಯಲ್ಲಿ. ಮಾಲಿಂಗನ ತರಗತಿಯ ರೆಕಾರ್ಡುಗಳನ್ನು ಬಳಸಲು ಅವನ ಒಪ್ಪಿಗೆಯ ಸಹಿ ಬೇಕಿತ್ತು. ತವರಿಗೆ ಹೋಗಿದ್ದ ಸುಮನ್ ಅಲ್ಲಿಂದ ಕಣಗಲಾಕ್ಕೆ ಹೋಗಿ ಅವನ ಮನೆಯ ಬಾಗಿಲು ಬಡಿದಿದ್ದಳು. ಮರುದಿನ ಮಧ್ಯಾಹ್ನ ಗೋಕಾಕಕ್ಕೆ ಬಂದವಳು ಬ್ಯಾಗನ್ನು ಕೆಳಗಿಡಲೂ ಇಲ್ಲ. ಶಿವಪುತ್ರ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಉದ್ದವ್ವ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು.

"ಮಾಲಿಂಗ ಸರ್ ಮನಿಯವ್ರು, ಸಪ್ನಾ, ನನ್ನ ಒಳಗ ಕರೀಲಿಲ್ಲ," ಎಂದಳು ಸುಮನ್. "ಬಾಗಲದಾಗ ನಿಂದರಿಸಿ ಕೇಳಿದ್ಲು, ನಿಮ್ಮ ಗಂಡನ ಹೇಳಿದ ಮ್ಯಾಲೂ ಬಂದಿರಲ್ಲ, ನಾಚಿಕಿ ಇಲ್ಲೇನ ಅಂತ. ಏನ ಹೇಳಿ ಬಂದೀರಿ?"

ಶಿವಪುತ್ರ ಅರಿವೆ ಹಿಂಡಿದ. "ಮಂದಿ ಅನ್ನೂದ ಕೇಳಿ..."

"ಯಾವ ಮಂದಿ? ಹೆಸರ ಹೇಳ್ರಿ."

ಅವನು ಮತ್ತೆ ಬೈಕು ಒರೆಸತೊಡಗಿದ. ಉದ್ದವ್ವನ ಕೈ ಬತ್ತಿಯ ಮೇಲೆ ನಿಂತುಹೋಗಿತ್ತು. "ಹೆಸರ ಇಲ್ಲೇನೋ?" ಅಂದಳು ತಾಯಿ, ಮೆತ್ತಗೆ.

"ಇಲ್ಲ," ಎಂದ ಶಿವಪುತ್ರ. ಆಮೇಲೆ ಅವನಿಗೂ ತಿಳಿಯದ ಹಾಗೆ ದನಿ ಏರಿತು. "ಹದಿನೇಳ ವರ್ಷ ಕಲಿಸೇನಿ. ಶಾಲು ಹೊಚ್ಚ್ಯಾರ. ನಿನಗ ನೋಡಾಕ ಆಂವನ ಸಿಕ್ನ? ಕೈ ನಡಗಸ್ಕೋತ ನಿಂದರತಿದ್ದ ಆಂವ. ನನ್ನ ಕ್ಲಾಸ್ ಯಾಕ ಬ್ಯಾಡಾತು ಅದನ್ನ ಹೇಳ ಮೊದಲ."

ಸುಮನ್ ಈಗ ಬ್ಯಾಗನ್ನು ಕೆಳಗಿಟ್ಟಳು.

"ನಿಮ್ಮ ಕ್ಲಾಸ್ ನನಗ ಗೊತ್ತಿತ್ರಿ. ನಾ ಅದರಾಗ ಕುಂತ ಎದ್ದಾಕಿ. ಮದವಿ ಆಗಿ ಬಂದ ಹೊಸದಾಗ ನಾ ದಡ್ಡಿ ಮಾತ ಆಡಿದ್ರ ನೀವ ತಿದ್ದತಿದ್ರಿ. ನಿಮ್ಮ ಗೆಳ್ಯಾರ ಮುಂದ ಒಮ್ಮೆ ಪಾವಣ್ಯಾರ ಬಂದಾರ ಅಂದೆ. ಪಾವಣ್ಯಾರ ಅಲ್ಲ, ಅತಿಥಿಗಳು ಅನ್ನು ಅಂದ್ರಿ. ಎಲ್ಲಾರೂ ನಕ್ರು. ನೀವ ಸಿಟ್ಟೀಲೆ ಅನ್ನಲಿಲ್ಲ, ಪ್ರೀತೀಲೆ ಅಂದ್ರಿ, ಅದು ನನಗ ಗೊತ್ತೈತಿ. ಆದ್ರ ಅದರ ಮ್ಯಾಲ ಎರಡ ವರ್ಷ ನಾ ಮಂದಿ ಮುಂದ ಬಾಯಿ ತೆರೀಲಿಲ್ಲ. ನಿಮಗ ಅದೂ ಗೊತ್ತಾಗಲಿಲ್ಲ. ನಾ ಈ ವಿಷಯ ಎಲ್ಲಿಂದ ಆರಿಸ್ಕೊಂಡೆ ಅಂತ ಒಂದ ಸಲನೂ ಕೇಳಿಲ್ಲ ನೀವ."

ಶಿವಪುತ್ರನಿಗೆ ಆ ದಿನದ ನೆನಪೇ ಇರಲಿಲ್ಲ. ನೆನಪಿಸಿಕೊಳ್ಳಲು ನೋಡಿದ. ಗೆಳೆಯರ ಮುಖ ಬಂತು, ಚಹಾದ ತಾಟು ಬಂತು, ಅವಳ ಮುಖ ಬರಲಿಲ್ಲ.

"ನನ್ನ ಹೆಸರ ಕೆಡಿಸಿದ್ರಿ, ಅದನ್ನ ನಾ ನೋಡ್ಕೋತೇನಿ," ಎಂದಳು ಸುಮನ್. "ಆದ್ರ ಆತನ ಮನಿ ಕೆಟ್ಟೈತಿ. ಅಲ್ಲಿಗೆ ಹೋಗಿ, ಆ ಸಪ್ನಾನ ಮುಂದ ಹೇಳಿ ಬರ್ರಿ. ಬಂದ ಮ್ಯಾಲ ನನ್ನ ಜೋಡಿ ಮಾತಾಡ್ರಿ."

ತನ್ನ ಪರ ಏನಾದರೂ ಅಂದಾಳೆಂದು ಅವನು ತಾಯಿಯ ಕಡೆ ನೋಡಿದ. ಉದ್ದವ್ವ ಎದ್ದು ಸೊಸೆಗೆ ನೀರು ತರಲು ಒಳಗೆ ಹೋದಳು.

ಮರುದಿನ ಶಿವಪುತ್ರ ಹುಕ್ಕೇರಿಯ ಮೇಲೆ ಹಾಯ್ದು ಕಣಗಲಾಕ್ಕೆ ಹೋದ. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಸ್ವಚ್ಛ ಕನ್ನಡದಲ್ಲಿ ಜೋಡಿಸುತ್ತ ಹೋದ. 'ತಪ್ಪು ತಿಳುವಳಿಕೆಯಿಂದ', 'ಅನ್ಯಥಾ ಭಾವಿಸದೆ' ಎಂಬಂಥ ಮಾತುಗಳು. ಮಾಲಿಂಗನ ಮನೆಯ ಪಡಸಾಲೆಯಲ್ಲಿ ಕೂತಾಗ ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಾಲಿಂಗ ಗೋಡೆಗೊರಗಿ ನಿಂತಿದ್ದ. ಸಪ್ನಾ ಒಳಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಯಾರೂ ಏನೂ ಅಂದಿಲ್ಲ," ಎಂದ ಶಿವಪುತ್ರ. "ಆ ಮಾತ ನಾನ ಹುಟ್ಟಿಸಿದ್ದು. ಖರೆ ಇಲ್ಲ ಅದು."

ಸಪ್ನಾ ನಂಬದೆ ಗಂಡನ ಕಡೆ ನೋಡಿದಳು, ಮತ್ತೆ ಇವನ ಕಡೆ. "ಯಾಕ್ರಿ ಮತ್ತ?"

"ನನಗ ತಡಕೊಳ್ಳಾಕ ಆಗಲಿಲ್ಲ."

"ಏನ?"

"ಇಂವ ಕಲಿಸೂದನ್ನ ಆಕಿ ನೋಡೂದು."

ಸಪ್ನಾಳಿಗೆ ತಿಳಿಯಲಿಲ್ಲ. "ಇವ್ರು ಕಲಿಸೂದ್ರಾಗ ನೋಡೂದ ಏನೈತ್ರಿ?" ಎಂದು ಕೇಳಿದಳು, ನಿಜವಾಗಿಯೂ ಗೊತ್ತಿಲ್ಲದವಳಂತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಎಷ್ಟ ದಿನ ಆತ್ರಿ ಈ ಮನ್ಯಾಗ ಸರಳ ಊಟ ಮಾಡಿ," ಎಂದು ಒಳಗೆ ಹೋದಳು.

ಮಾಲಿಂಗ ಬಾಗಿಲವರೆಗೆ ಬಂದ. ಈ ಸಲ ಅವನು ಅಣ್ಣಾ ಎನ್ನಲಿಲ್ಲ.

"ಅಕ್ಕಾರನ್ನ ಕಳಸ್ರಿ ಶಿವಪುತ್ರ ಸರ್. ಹುಡುಗ್ರು ದಿನಾ ಕೇಳತಾವ. ನಾ ಸಹಿ ಮಾಡತೇನಿ, ಉಳದದ್ದನ್ನೂ ನೋಡ್ಲಿ. ನೀವ ಮಾತ್ರ ನಮ್ಮನಿಗೆ ಇನ್ನ ಬರಬ್ಯಾಡ್ರಿ."

ಬೈಕು ಹತ್ತಿ ಹೆದ್ದಾರಿಗೆ ಬರುವ ಮೊದಲು ಶಾಲೆ ಸಿಕ್ಕಿತು. ರಜೆಯಿತ್ತು, ಆದರೂ ಅಂಗಳದಲ್ಲಿ ಹುಡುಗರು ಆಡುತ್ತಿದ್ದರು. ಅವರಲ್ಲಿ ಯಾರು ಆ ಎಮ್ಮೆಯ ಮಾತು ಆಡಿದವನು ಎಂದು ಶಿವಪುತ್ರ ಗಾಡಿ ನಿಲ್ಲಿಸಿ ನೋಡಿದ. ಗುರುತು ಸಿಗುವಂತಿರಲಿಲ್ಲ. ಮಾಡಿದ ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ನಾಚಿಕೆಯೂ ಇತ್ತು, ಅದರ ಪಕ್ಕದಲ್ಲೇ ಆ ಹಳೆಯ ಉರಿಯೂ ಇತ್ತು.

ಸುಮನ್ ಕಣಗಲಾದಲ್ಲಿ ಉಳಿದ ಕೆಲಸ ಮುಗಿಸಿದಳು. ಮನೆಯಲ್ಲಿ ಮಾತು ಮೊದಲು ಉಪ್ಪು, ಹಾಲು, ಶೀತಲ್‌ಳ ಸಮವಸ್ತ್ರದಷ್ಟೇ ಇತ್ತು. ಆಮೇಲೆ ನಿಧಾನಕ್ಕೆ ಇನ್ನಷ್ಟಾಯಿತು. ಶಾಲೆಯಲ್ಲಿ ಶಿವಪುತ್ರ ಅಲ್ಲವ್ವನನ್ನು ಕರೆದು ತಮ್ಮನನ್ನು ಕರೆದುಕೊಂಡು ಬಾ ಎಂದ. ಅವಳು "ಆಗಲಿ ಸರ್, ಕರೆದುಕೊಂಡು ಬರುತ್ತೇನೆ," ಎಂದು ಪೂರ್ತಿ ವಾಕ್ಯದಲ್ಲಿ ಹೇಳಿದಳು. ಅದನ್ನು ಕೇಳಿ ಅವನಿಗೆ ಎಂದಿನ ಸಂತೋಷವಾಗಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಅವನೂ ಬೆಳಗಾವಿಗೆ ಹೋದ. ಸುಮನ್ ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ವಿಭಾಗದ ಹಾಲಿನಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತ. ಪ್ರಬಂಧದಲ್ಲಿ ಹೆಸರುಗಳಿರಲಿಲ್ಲ. ಮಾಲಿಂಗ 'ಮೊದಲನೆಯ ಶಿಕ್ಷಕ', ತಾನು 'ಎರಡನೆಯ ಶಿಕ್ಷಕ'. ಧಾರವಾಡದಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಸಿ ಕೇಳಿದರು: "ಎರಡನೆಯ ಶಿಕ್ಷಕರು ನಿಮ್ಮ ಪತಿ ಎಂದು ಮುನ್ನುಡಿಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ಇಲ್ಲಿ ಪಕ್ಷಪಾತವಿಲ್ಲವೇ?"

"ಐತ್ರಿ ಸರ್," ಎಂದಳು ಸುಮನ್, ದಡ್ಡಿಯ ದನಿಯಲ್ಲೇ. "ಅವ್ರನ್ನ ನೋಡೂ ಮುಂದ ನನಗ ಸಿಟ್ಟ ಇತ್ತು. ಅವ್ರು ಚಲೋ ಮಾಡಿದ್ದ ಕಾಣದಂಗ ಆಗಬಾರದು ಅಂತ ರೆಕಾರ್ಡ್ ಮತ್ತ ಮತ್ತ ಕೇಳೇನಿ. ಅವ್ರ ಮಕ್ಕಳು ಧೈರ್ಯಾದಿಂದ ನಿಂತ ಮಾತಾಡತಾರ, ಓದತಾರ, ಬರೀತಾರ. ಅದನ್ನೂ ಬರದೇನಿ. ಆದ್ರ ತಮ್ಮದನ್ನ ಹೇಳಾಕ ಎದ್ದ ಮಕ್ಕಳು ಅಲ್ಲಿ ಅರ್ಧಕ್ಕ ಕುಂದರತಾವ. ಅದನ್ನ ಬಿಡಾಕ ಆಗಲಿಲ್ರಿ."

ಯಾರಾದರೂ ತಿರುಗಿ ನೋಡುತ್ತಾರೆಂದು ಶಿವಪುತ್ರ ಕಾದ. ಯಾರೂ ನೋಡಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಪರೀಕ್ಷಕರು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು. ಆಚೆಗೆ ಚಹಾ ಕುಡಿಯುವಾಗ ಕಿರಿಯ ವಿದ್ಯಾರ್ಥಿಗಳು ಅವಳ ಸುತ್ತ ನೆರೆದರು. ಒಬ್ಬಳು ಇವನ ಕಡೆ ತಿರುಗಿ, "ನೀವ ಏನ ಮಾಡ್ತೀರಿ ಸರ್?" ಎಂದಳು.

"ಸಾಲಿ ಮಾಸ್ತರ್ ಅದೇನಿ," ಎಂದ ಶಿವಪುತ್ರ.

ಮರಳುವ ಬಸ್ಸಿನಲ್ಲಿ ಸುಮನ್ ಮಾಲಿಂಗನಿಗೆ ಫೋನು ಹಚ್ಚಿದಳು. ಎಲ್ಲ ಚೆನ್ನಾಗಿ ಆಯಿತೆಂದಳು, ಸಪ್ನಾಳ ಜೊತೆಗೂ ಮಾತಾಡಿದಳು, ಹುಡುಗರನ್ನು ಕೇಳಿದಳು. ಅವಳು ಇಟ್ಟ ಮೇಲೆ ಶಿವಪುತ್ರ ಕಿಟಕಿಯ ಆಚೆ ನೋಡುತ್ತ, "ನನ್ನ ಬಗ್ಗೆ ಏನರೆ ಕೇಳಿದ್ನ?" ಎಂದ.

"ಇಲ್ರಿ."

ಬಸ್ಸು ಅಂಕಲಗಿಯಲ್ಲಿ ನಿಂತಿತು. ಕಡ್ಲಿ ಮಾರುವವಳು ಹತ್ತಿ ಇಳಿದಳು.

"ಶನಿವಾರ ಕಣಗಲಾಕ್ಕ ಹೋಗಬೇಕು," ಎಂದಳು ಸುಮನ್. "ಸಾಲಿಗೆ ಒಂದ ಪ್ರತಿ ಕೊಡಾಕ. ಮಕ್ಕಳ ಮುಂದ ಒಂದಿಷ್ಟ ಓದ್ರಿ ಅಂದಾರ."

"ನಾನೂ ಬರ್ಲ್ಯಾ? ಹೊರಗ ನಿಂದರತೇನಿ."

"ಬ್ಯಾಡ್ರಿ."

ಅವನ ಬಾಯಿಗೆ ಹಲವು ಮಾತು ಬಂದವು. ತಾನೇ ಹೆಸರು ಹಚ್ಚಿಸಿದ್ದು, ತಾನೇ ಓದಿಸಿದ್ದು, ಆ ಮಾಲಿಂಗನ ಪಾಠಯೋಜನೆ ತಿದ್ದಿದ್ದೂ ತಾನೇ. ಒಂದೊಂದನ್ನೂ ನುಂಗಿದ. ಸುಮನ್ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಗೋಕಾಕದ ಬಸ್ ಸ್ಟ್ಯಾಂಡು ಬಂದು, ಮಂದಿ ಎದ್ದು ಬಾಗಿಲ ಕಡೆ ನುಗ್ಗಿದಾಗ ಅವನು ಹೇಳಿದ:

"ಆತು. ನೀ ಹೋಗಿ ಬಾ."